ಪ್ರವಾಸಕಾಲದ ಆಹಾರವೂ ರಕ್ತದ ಕೊಲೆಸ್ಟೆರಾಲೂ

ಮನೆಯಲ್ಲಿ ವೈದ್ಯರ ಸೂಚನೆಯಂತೆ ಪಥ್ಯವನ್ನು ನಡೆಸುವ ಹೃದ್ರೋಗಿಯು ಪ್ರವಾಸಕ್ಕೆ ಹೊರಟೊಡನೆ ಪರರ ಅಡಿಗೆಗೆ ಅಧೀನನಾಗುತ್ತಾನೆ. ಆಗ ಅವನು ಮೊಟ್ಟೆಯನ್ನು ಮಾತ್ರ ವರ್ಜಿಸಿ, ಸಸ್ಯಾಹಾರದ ಉಪಾಹಾರಗೃಹವನ್ನು ಹುಡುಕಿಕೊಂಡು, ತಾನು ಸುರಕ್ಷಿತನೆಂದು ಭಾವಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಮ್ಮ ನಾಡಿನ ಕೆಲವು ಊಟಗಳ ದೃಷ್ಟಾಂತದಿಂದ ಇಲ್ಲಿ ವಿಚಾರಿಸುವೆವು.

ರಕ್ತದಲ್ಲಿರುವ ಕೊಲೆಸ್ಟೆರಾಲಿನ ಬಹುಭಾಗವು ಆಹಾರದಿಂದ ನೇರವಾಗಿ ಬಂದುದಲ್ಲ. ದೇಹವೇ ಅದನ್ನು ತಯಾರಿಸುತ್ತದೆ. ಧಮನಿಗಳಿಗೆ ಅಪಾಯಕರವಾದ ಎಲ್.ಡಿ.ಎಲ್. ಕಣಗಳನ್ನು ರಕ್ತದಿಂದ ಸೆಳೆದು ತೆಗೆಯುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಈ ಗ್ರಾಹಕಗಳನ್ನು ಕುರಿತ ಸಂಶೋಧನೆಗಾಗಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಸಂತೃಪ್ತ ಕೊಬ್ಬಿನ ಸೇವನೆ ಹೆಚ್ಚಿದಾಗ ಗ್ರಾಹಕಗಳ ಕಾರ್ಯವು ಕುಗ್ಗಿ, ಕಣಗಳು ರಕ್ತದಲ್ಲಿಯೇ ಉಳಿಯುತ್ತವೆ. ಆದುದರಿಂದ ಪ್ರವಾಸಿಯು ಮೊದಲು ಕೇಳಬೇಕಾದುದು ತಿಂಡಿಯಲ್ಲಿ ಕೊಲೆಸ್ಟೆರಾಲ್ ಎಷ್ಟಿದೆಯೆಂದಲ್ಲ, ಅದನ್ನು ಯಾವ ಕೊಬ್ಬಿನಲ್ಲಿ ಬೇಯಿಸಿದರೆಂದು.

ದಾವಣಗೆರೆಯ ಬೆಣ್ಣೆ ದೋಸೆಯನ್ನೇ ನೋಡೋಣ. ಬೆಣ್ಣೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಸಂತೃಪ್ತ ಕೊಬ್ಬೇ. ಎರಡು ದೋಸೆಗಳಿಗೆ 30 ಗ್ರಾಂ ಬೆಣ್ಣೆ ಬಿದ್ದಿತೆಂದರೆ ಹೊಟ್ಟೆಗೆ ಸೇರಿದುದು 15 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ, 2000 ಕಿಲೋಕ್ಯಾಲರಿ ಉಣ್ಣುವವನಿಗೆ ಇಡೀ ದಿನದ ಮಿತಿಯೇ ಸುಮಾರು 22 ಗ್ರಾಂ. ಹೃದ್ರೋಗಿಗೆ ಅದಕ್ಕಿಂತ ಕಡಮೆಯೇ ಲೇಸು. ಕರಾವಳಿಯಲ್ಲಿ ಸಂಗತಿಯು ಇನ್ನೂ ಸೂಕ್ಷ್ಮವಾದುದು. ತೆಂಗಿನೆಣ್ಣೆಯಲ್ಲಿ ಕೊಲೆಸ್ಟೆರಾಲ್ ಇಲ್ಲವೆಂದು ಡಬ್ಬಿಯ ಮೇಲೆ ಬರೆದಿರುವುದು ನಿಜವೇ; ಆದರೆ ಅದರ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕುದು ಸಂತೃಪ್ತ ಕೊಬ್ಬು. ನಿಜವಾದ ಮಾತೂ ಹೀಗೆ ದಾರಿ ತಪ್ಪಿಸಬಲ್ಲದು! ಅಲ್ಲಿ ಮುಂಜಾನೆಗೆ ಹಬೆಯಲ್ಲಿ ಬೆಂದ ಇಡ್ಲಿಯೂ, ಮೀನು ತಿನ್ನುವವರಿಗೆ ಕರಿಯದೆ ಪುಳಿಮುಂಚಿ ಮಾಡಿದ ಬಂಗುಡೆಯೂ ಯೋಗ್ಯವಾದುವು.

ನಮ್ಮ ಎಣಿಕೆಯಲ್ಲಿ ಇಂಥ ಪ್ರವಾಸಿಗೆ ಅತ್ಯಂತ ಅನುಕೂಲವಾದುದು ಬಾದಾಮಿಯ ಕಡೆಯ ಖಾನಾವಳಿಯ ಊಟ. ಎಣ್ಣೆ ಸೋಕಿಸದೆ ಬೇಯಿಸಿದ ಜೋಳದ ರೊಟ್ಟಿ, ನಾರಿನಂಶ ತುಂಬಿದ ಕಾಳಿನ ಪಲ್ಯ, ಹಸಿ ಮೂಲಂಗಿ, ಶೇಂಗಾ ಹಿಂಡಿ. ಶೇಂಗಾದ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಅಸಂತೃಪ್ತವಾದುದು. ರೊಟ್ಟಿಯ ಮೇಲೆ ಇಡುವ ಬೆಣ್ಣೆಯನ್ನು ಬೇಡವೆಂದರಾಯಿತು. ರಕ್ತದೊತ್ತಡವಿರುವವರು ಉಪ್ಪಿನಕಾಯಿಯನ್ನೂ ಬಿಡತಕ್ಕುದು.

ಒಂದೆರಡು ದಿನ ಪಥ್ಯ ಕೆಟ್ಟಿತೆಂದು ಯಾರೂ ದಿಗಿಲುಪಡಬೇಕಾದುದಿಲ್ಲ. ಧಮನಿಯ ರೋಗವು ವರ್ಷಗಟ್ಟಲೆ ಬೆಳೆಯತಕ್ಕುದು. ಔಷಧದ ವಿಷಯ ಹಾಗಲ್ಲ. ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವನು ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ನಿಲ್ಲಿಸಿದರೆ, ಬೆಣ್ಣೆ ದೋಸೆಯಿಂದಾಗದ ಅನಾಹುತವು ಅದರಿಂದ ಆದೀತು. ಆ ಮಾತ್ರೆಗಳನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು, ಹಿಂದಿರುಗುವ ದಿನಕ್ಕಿಂತ ನಾಲ್ಕು ದಿನ ಹೆಚ್ಚಿಗೆ ಸಾಲುವಷ್ಟು.