ಲೆಸೊಥೊಗೆ ಹೊರಟವರು ಮಡಿಕೇರಿ ತಲುಪಿದ ಕಥೆ

ಇವತ್ತಿನ ಎಪಿಸೋಡ್ ಒಂದು ರೋಡ್ ಟ್ರಿಪ್ ಬಗ್ಗೆ. ಪ್ಲಾನ್ ಮಾಡಿದ್ದು ಒಂದು, ಆದದ್ದು ಇನ್ನೊಂದು. ಆದ್ರೆ ವಾಪಸ್ ಬರುವಾಗ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತ್ತು. ಅದನ್ನೇ ಇವತ್ತು ನಿಮ್ಮ ಹತ್ರ ಹೇಳ್ತೇನೆ.

ನಾವು ನಾಲ್ಕು ಜನ, ಬಿಕಾಂ ಕ್ಲಾಸ್‌ಮೇಟ್ಸ್. ನಮ್ಮಲ್ಲಿ ಒಬ್ಬನಿಗೆ ಲೆಸೊಥೊ ಹುಚ್ಚು. ಆಫ್ರಿಕಾದ ದಕ್ಷಿಣ ತುದಿಯ ಹತ್ತಿರದ ಸಣ್ಣ ದೇಶ, ನಾಲ್ಕೂ ಸುತ್ತ ದಕ್ಷಿಣ ಆಫ್ರಿಕಾ. ಅದರ ಅತಿ ತಗ್ಗಿನ ಜಾಗವೇ ಸಮುದ್ರ ಮಟ್ಟದಿಂದ ಸುಮಾರು 1,400 ಮೀಟರ್ ಎತ್ತರ. ನಮ್ಮ ಮಡಿಕೇರಿ ಸುಮಾರು 1,150. ಅಂದ್ರೆ ಅವರ ತಗ್ಗು ನಮ್ಮ ಬೆಟ್ಟಕ್ಕಿಂತ ಮೇಲೆ! ಅಲ್ಲೂ ಗಾಡಿ ಎಡಗಡೆಯಲ್ಲೇ ಓಡಿಸುವುದು. ಸಾನಿ ಪಾಸ್ ಅಂತ ಒಂದು ಘಾಟಿ ಉಂಟು, ಫೋರ್ ವೀಲ್ ಡ್ರೈವ್ ಇಲ್ಲದಿದ್ರೆ ಹತ್ತಲಿಕ್ಕೆ ಆಗುವುದಿಲ್ಲ. ವಿಡಿಯೋ ನೋಡಿ ಎಲ್ಲರೂ "ಹೋಗುವಾ" ಅಂದ್ರು. ನಾನು ಎಕ್ಸೆಲ್ ಶೀಟ್ ಮಾಡಿ ಗ್ರೂಪಿಗೆ ಹಾಕಿದೆ. ಕೊನೇ ಸಾಲಿನ ಟೋಟಲ್ ನೋಡಿ ಎರಡು ದಿನ ಗ್ರೂಪಲ್ಲಿ ಯಾರೂ ಮಾತಾಡಲಿಲ್ಲ.

ಆಗ ನಮ್ಮ ಸುಳ್ಯದ ಗೆಳತಿ ಮೆಸೇಜ್ ಹಾಕಿದ್ಳು: "ಅಷ್ಟು ದೂರ ಎಂತಕ್ಕೆ ಮಾರಾಯ? ಬೆಟ್ಟದ ಮೇಲಿನ ಸಣ್ಣ ದೇಶ ನಮ್ಮ ಹತ್ರವೇ ಇತ್ತಲ್ಲ!"

ಅವಳು ಹೇಳಿದ್ದು ಕೊಡಗಿನ ಬಗ್ಗೆ. ತಮಾಷೆ ಅಲ್ಲ. 1834ರವರೆಗೆ ಅಲ್ಲಿ ಹಾಲೇರಿ ರಾಜರ ಆಳ್ವಿಕೆ. ಆಮೇಲೆ ಬ್ರಿಟಿಷರದ್ದು. ಸ್ವಾತಂತ್ರ್ಯ ಬಂದ ಮೇಲೆ ಕೊಡಗು ಒಂದು ಪ್ರತ್ಯೇಕ ರಾಜ್ಯ. 1952ರ ಚುನಾವಣೆಯಲ್ಲಿ 24 ಸ್ಥಾನಗಳ ಸ್ವಂತ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಅದು ಮೈಸೂರು ರಾಜ್ಯಕ್ಕೆ ಸೇರಿ ಜಿಲ್ಲೆ ಆಯ್ತು.

ಸರಿ, ಜನವರಿಯ ಒಂದು ಶನಿವಾರ ಬೆಳಿಗ್ಗೆ ಹೊರಟೆವು. ಶುರು ಮಾಡಿದ್ದು ಬಾವುಟಗುಡ್ಡೆಯಿಂದ, ಬೇಕಂತಲೇ. 1837ರ ಏಪ್ರಿಲ್ 5ಕ್ಕೆ ಕಂಪನಿಯ ಬಾವುಟ ಇಳಿಸಿ ಅಮರ ಸುಳ್ಯದ ರೈತರು ತಮ್ಮ ಬಾವುಟ ಹಾರಿಸಿದ್ದು ಇಲ್ಲೇ. ಆ ದಂಡಿನ ನಾಯಕರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ನಿಂತಿತು. ಬಸ್ಸಲ್ಲಿ ಹೋಗುವಾಗ ದಿನಾ ನೋಡ್ತೇವೆ, ಕಾರಣ ಕೇಳುವುದಿಲ್ಲ.

ಕಾರಣದಲ್ಲಿ ಒಂದು ಕಾಮರ್ಸ್ ಪಾಠ ಉಂಟು. ಪುತ್ತೂರು, ಸುಳ್ಯ ಕಡೆಯ ಊರುಗಳು ಕೊಡಗು ರಾಜರ ಕೈಯಲ್ಲಿದ್ದವು. ಆಗ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡ್ತಿದ್ರು. 1834ರಲ್ಲಿ ಕಂಪನಿ ಇವನ್ನು ಕೆನರಾ ಜಿಲ್ಲೆಗೆ ಸೇರಿಸಿತು, ಕಂದಾಯ ನಗದಲ್ಲೇ ಬೇಕು ಅಂತು. ಭತ್ತ ಇದ್ದವನ ಕೈಯಲ್ಲಿ ರೊಕ್ಕ ಇರ್ಲಿಕ್ಕೆ ಉಂಟಾ? ಸಿಕ್ಕಿದ ರೇಟಿಗೆ ಮಾರಬೇಕು. ಸಿಟ್ಟು ಅಲ್ಲಿಂದ ಬೆಳೀತು. ಕೊನೆಗೆ ಕಂಪನಿ ಸೈನ್ಯ ದಂಗೆಯನ್ನು ಹತ್ತಿಕ್ಕಿ ನಾಯಕರನ್ನು ಗಲ್ಲಿಗೆ ಹಾಕಿತು.

ಕಲ್ಲಡ್ಕದಲ್ಲಿ ಕೆಟಿ ಕುಡಿಯುವಾಗ ನಮ್ಮ ಲೆಸೊಥೊ ಹುಚ್ಚ ಬಾಯಿ ಬಿಟ್ಟ: "ಅಲ್ಲೂ ಹೀಗೇ ಮಾರಾಯ!" ಬೋಅರ್‌ಗಳ ಜೊತೆ ಯುದ್ಧ ಮಾಡಿ ಸುಸ್ತಾದ ರಾಜ ಮೊಶ್ವೆಶ್ವೆ ಬ್ರಿಟಿಷರ ರಕ್ಷಣೆ ಕೇಳಿದ, 1868ರಲ್ಲಿ ಸಿಕ್ಕಿತು. ಆದ್ರೆ ಕ್ಯಾಲೆಡನ್ ನದಿಯಾಚೆಯ ಫಲವತ್ತಾದ ತಗ್ಗು ಜಮೀನು ಕೈತಪ್ಪಿತು, ಬೆಟ್ಟ ಉಳೀತು. ಕೊಡಗಿಗೆ ಹೋದದ್ದು ಪುತ್ತೂರು, ಸುಳ್ಯ. ಒಂದು ಬೆಟ್ಟ 1956ರಲ್ಲಿ ಜಿಲ್ಲೆಯಾಯ್ತು, ಇನ್ನೊಂದು 1966ರಲ್ಲಿ ದೇಶವಾಯ್ತು.

ಸಂಪಾಜೆ ದಾಟಿದ ಮೇಲೆ ಘಾಟಿ. ಕೊಯನಾಡು, ಜೋಡುಪಾಲ, ಮದೆನಾಡು. ಜೋಡುಪಾಲ ಬಂದಾಗ ಸುಳ್ಯದವಳು ಪಾಟು ಬಂದ್ ಮಾಡಿದ್ಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದು ಇಲ್ಲೇ, ಇಲ್ಲಿಂದ ಮೇಲೆ ಮೊಣ್ಣಂಗೇರಿಯಲ್ಲೂ. ಈ ಹೆದ್ದಾರಿಯೂ ಬಂದ್ ಆಗಿತ್ತು. ಅವಳ ಚಿಕ್ಕಮ್ಮನ ತೋಟ ಹೋದದ್ದು ಆಗಲೇ.

ಚಿಕ್ಕಮ್ಮ ಈಗ ಪುನರ್ವಸತಿ ಬಡಾವಣೆಯ ಮನೆಯಲ್ಲಿದ್ದಾರೆ. ನಮಗೆ ಕಾಫಿ ಕೊಟ್ರು, ಅಕ್ಕಿ ರೊಟ್ಟಿ ಕೊಟ್ರು. ಅವರಿಬ್ಬರೂ ಅರೆಭಾಷೆಯಲ್ಲಿ ಮಾತಾಡ್ತಿದ್ರು. ಘಾಟಿಯ ಕೆಳಗೂ ಮೇಲೂ ಅದೇ ಭಾಷೆ. ನಾನು ತೋಟದ ಬಗ್ಗೆ ಕೇಳಬಾರದಿತ್ತೇನೋ, ಕೇಳಿದೆ. ಅವರು ಹೇಳಿದ್ರು: "ಆರ್‌ಟಿಸಿ ನನ್ನ ಹೆಸರಲ್ಲೇ ಉಂಟು ಮಗಾ. ತೋಟ ಮಾತ್ರ ಹೊಳೆಗೆ ಹೋಗಿದೆ."

ಲೆಕ್ಕ ಕಲಿತ ನನಗೆ ಆ ಮಾತು ಇವತ್ತಿನವರೆಗೂ ಬಿಟ್ಟಿಲ್ಲ. ಪುಸ್ತಕದಲ್ಲಿ ಆಸ್ತಿ ಇದೆ, ನೆಲದಲ್ಲಿ ಇಲ್ಲ.

ಮರುದಿನ ತಲಕಾವೇರಿ. ಬೆಟ್ಟದ ಈ ಕಡೆ ಬಿದ್ದ ಮಳೆ ಕಾವೇರಿಯಾಗಿ ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ. ಜೋಡುಪಾಲದ ಕಡೆ ಬಿದ್ದದ್ದು ಪಯಸ್ವಿನಿಯಾಗಿ ಪಶ್ಚಿಮಕ್ಕೆ, ಕಾಸರಗೋಡಿನ ಚಂದ್ರಗಿರಿ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ. 2020ರ ಆಗಸ್ಟ್‌ನಲ್ಲಿ ಇಲ್ಲಿಯ ಗುಡ್ಡವೂ ಜರಿದು, ಅರ್ಚಕರ ಮನೆ ಮಣ್ಣಡಿ ಹೋಯ್ತು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಾವೇರಿಯಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25. ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಇದೇ ಕಾವೇರಿ.

ಈಗ ಲೆಸೊಥೊ ನೋಡಿ. 1986ರಲ್ಲಿ ಅದು ದಕ್ಷಿಣ ಆಫ್ರಿಕಾದ ಜೊತೆ ಒಪ್ಪಂದ ಮಾಡಿಕೊಂಡಿತು. 185 ಮೀಟರ್ ಎತ್ತರದ ಕಾಟ್ಸೆ ಅಣೆಕಟ್ಟು ಕಟ್ಟಿದ್ರು. ಬೆಟ್ಟದ ನೀರು ಸುರಂಗದಲ್ಲಿ ಜೊಹಾನ್ಸ್‌ಬರ್ಗ್ ಕಡೆಗೆ ಹೋಗ್ತದೆ, ಬದಲಿಗೆ ರಾಯಲ್ಟಿ ಬರ್ತದೆ.

ಹಾಗಾದ್ರೆ ಕೊಡಗಿಗೂ ರಾಯಲ್ಟಿ ಕೊಡಿ ಅನ್ನುವುದಾ? ಅಷ್ಟು ಸುಲಭ ಇಲ್ಲ. ಅವು ಎರಡು ದೇಶಗಳು. ನಮ್ಮಲ್ಲಿ ನದಿ ಯಾವ ರಾಜ್ಯದ ಸ್ವತ್ತೂ ಅಲ್ಲ, ಅದು ರಾಷ್ಟ್ರದ ಆಸ್ತಿ ಅಂತ ಅದೇ ತೀರ್ಪು ಹೇಳಿದೆ. ನೀರನ್ನು ಹಂಚುತ್ತೇವೆ, ಮಾರುವುದಿಲ್ಲ. ಮತ್ತೆ ಲೆಸೊಥೊದಲ್ಲೂ ಅಣೆಕಟ್ಟಿಗೆ ಹೊಲ ಕಳಕೊಂಡವರು ಪರಿಹಾರ ಸಾಲದು ಅಂತ ವರ್ಷಗಟ್ಟಲೆ ದೂರಿದ್ದಾರೆ. ಹಣ ಖಜಾನೆಗೆ ಬಂದರೆ ಬೆಟ್ಟದ ಮನೆಗೆ ಬಂತು ಅಂತಲ್ಲ.

ಆದ್ರೆ ಒಂದು ಮಾತು. ಅಂಗಡಿಯ ಮಿಷಿನಿಗೂ ನಾವು ಪ್ರತಿ ವರ್ಷ ಸವಕಳಿ ಬರೀತೇವೆ, ರಿಪೇರಿಗೆ ಹಣ ತೆಗೆದಿಡ್ತೇವೆ. ಕೋಟಿಗಟ್ಟಲೆ ಜನಕ್ಕೆ ನೀರು ಕೊಡುವ ಬೆಟ್ಟವೂ ಸವೆಯುತ್ತದೆ: ರಸ್ತೆಗೆ ಕಡಿದ ಇಳಿಜಾರು, ರೆಸಾರ್ಟಿಗೆ ತಟ್ಟು ಮಾಡಿದ ಗುಡ್ಡ, ಮುಚ್ಚಿದ ತೋಡು. ವೀಕೆಂಡಿಗೆ ಹೋಗಿ ಬರುವ ನಮ್ಮಂಥವರೂ ಆ ಲೆಕ್ಕದಲ್ಲಿದ್ದೇವೆ. ಇದನ್ನು ಯಾರ ಖಾತೆಗೆ ಬರೆಯುವುದು? ನನಗನಿಸುವುದು, ನೀರು ಕುಡಿಯುವವರ ಖಾತೆಗೂ ಸ್ವಲ್ಪ ಬರಬೇಕು. ನಿಮಗೆ ಬೇರೆ ಅನಿಸಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಲ ಹಾಕ್ತೇನೆ.

ಮಳೆಗಾಲದಲ್ಲಿ ಹೋಗುವುದಾದ್ರೆ ಘಾಟಿ ತೆರೆದಿದೆಯಾ ಅಂತ ಮೊದಲು ನೋಡ್ಕೊಳ್ಳಿ. ಜೋಡುಪಾಲದಲ್ಲಿ ಸೆಲ್ಫಿಗೆ ಅಂತ ನಿಲ್ಲಬೇಡಿ. ಅಲ್ಲಿ ಜನ ಇದ್ರು.

ಲೆಸೊಥೊದ ಎಕ್ಸೆಲ್ ಶೀಟ್ ಡಿಲೀಟ್ ಮಾಡಿಲ್ಲ. ಸಿಗುವಾ.