ನಿಮಗಿದು ಗೊತ್ತೇ? ಹಿಂದಿನ ಸೀಟಿನವರಿಗಾಗಿ ಹಾವೇರಿ

ಅಮೆರಿಕದ ಐತಿಹಾಸಿಕ ತಾಣಗಳಿಗೆ ಅಪ್ಪ-ಅಮ್ಮನ ಜೊತೆ ಕಾರಿನಲ್ಲಿ ಹೋಗುವ ಮಕ್ಕಳಿಗೆ ‘ಜೂನಿಯರ್ ರೇಂಜರ್’ ಬ್ಯಾಡ್ಜ್ ಸಿಗುತ್ತದೆ, ಗೊತ್ತೇ? ಪುಟ್ಟದೊಂದು ಪುಸ್ತಿಕೆ ಕೊಡುತ್ತಾರೆ. ಸುತ್ತಾಡಿ ನೋಡಿ, ಅದರಲ್ಲಿರುವ ಪ್ರಶ್ನೆಗಳಿಗೆ ಉತ್ತರ ಬರೆದು, ಪ್ರಮಾಣವಚನ ಹೇಳಿದರೆ ಬ್ಯಾಡ್ಜ್ ಅಂಗಿಗೇರುತ್ತದೆ. ನಮ್ಮ ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಹಿಂದಿನ ಸೀಟಿಗೆ ಸಿಗುವುದು ಚಿಪ್ಸ್ ಪೊಟ್ಟಣ ಮತ್ತು ಅಪ್ಪನ ಮೊಬೈಲು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂಬ ಬೋರ್ಡುಗಳು ಬರುತ್ತವೆ, ಹೋಗುತ್ತವೆ. ಬ್ಯಾಡ್ಜ್ ಕೊಡುವವರು ಇಲ್ಲಿಲ್ಲ. ಕೇಳಲು ಪ್ರಶ್ನೆಗಳಿಗೇನೂ ಬರವಿಲ್ಲ.

ಮೊದಲು ಹಾವೇರಿ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಊರೊಳಗಿನ ಸಿದ್ಧೇಶ್ವರ ಗುಡಿಗೆ ಹೋದಾಗ ಮೊಬೈಲ್ ಮಕ್ಕಳ ಕೈಗೇ ಕೊಡಿ, ದಿಕ್ಸೂಚಿ ತೆರೆಯಲಿ. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ, ಇದು ಪಶ್ಚಿಮಕ್ಕೆ ನಿಂತಿದೆ! ಇನ್ನೊಂದು ಮೋಜು: ಗುಡಿಗೆ ಹತ್ತಿ ಹೋಗುವುದಲ್ಲ, ಇಳಿದು ಹೋಗಬೇಕು. ಸುತ್ತಲಿನ ನೆಲ ಶತಮಾನಗಳಲ್ಲಿ ಮೇಲೇರಿ ಗುಡಿ ಕೆಳಗುಳಿದಿದೆ.

ಹಾವೇರಿ ಏಲಕ್ಕಿ ಮಾಲೆಗೆ ಹೆಸರುವಾಸಿ. ಆದರೆ ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ! ಮಲೆನಾಡಿನಿಂದ ಬಂದ ಕಾಯಿಯನ್ನು ಹಿಂದೆ ಇಲ್ಲಿನ ಬಾವಿ ನೀರಿನಲ್ಲಿ ತೊಳೆದು ಬಿಳುಪು ಮಾಡಿ ಮಾರುತ್ತಿದ್ದರು. ವ್ಯಾಪಾರ ಇಳಿಯಿತು, ಕಾಯಿ ಪೋಣಿಸುವ ಕಸುಬು ಉಳಿಯಿತು.

ಸಂಗೀತಗಾರ ಪಂಡಿತ ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ಹಾವೇರಿಗೆ ತಾಗಿಕೊಂಡ ದೇವಗಿರಿಯಲ್ಲಿ, 1914ರಲ್ಲಿ. ಚಿಕ್ಕಂದಿನಲ್ಲೇ ಕಣ್ಣು ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು. ಈಗ ಜಿಲ್ಲಾಧಿಕಾರಿ ಕಚೇರಿ ಇರುವುದೂ ದೇವಗಿರಿಯಲ್ಲೇ. ಊರಿನ ಹೆಸರು ಕೇಳಿದರೆ ಜನಕ್ಕೆ ನೆನಪಾಗುವುದು ಮಾತ್ರ ಪಹಣಿ, ಅರ್ಜಿ!

ಹಾವೇರಿ ರೈಲು ನಿಲ್ದಾಣದ ಬೋರ್ಡನ್ನು ಪೂರ್ತಿ ಓದಿದ್ದೀರಾ? ಅದರಲ್ಲಿ ಮೈಲಾರ ಮಹಾದೇವಪ್ಪನವರ ಹೆಸರಿದೆ. 1911ರಲ್ಲಿ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿದವರು. ಹೆದ್ದಾರಿ ಬದಿಯ ಈ ಊರನ್ನು ದಾಟಲು ಕಾರಿಗೆ ಒಂದೆರಡು ನಿಮಿಷ ಸಾಕು. 1930ರಲ್ಲಿ ಸಾಬರಮತಿಯಿಂದ ಗಾಂಧೀಜಿ ಜೊತೆ ದಂಡಿಗೆ ಹೊರಟ 78 ಸತ್ಯಾಗ್ರಹಿಗಳಲ್ಲಿ ಕರ್ನಾಟಕದವರು ಇವರೊಬ್ಬರೇ. ಆಗ ವಯಸ್ಸು ಹದಿನೆಂಟು, ಇವತ್ತಿನ ಲೆಕ್ಕದಲ್ಲಿ ಪಿಯುಸಿ ಮುಗಿಸಿ ಸಿಇಟಿ ಸೀಟಿಗೆ ಕಾಯುವ ಹುಡುಗ! ನಡೆದದ್ದು ಸುಮಾರು 385 ಕಿ.ಮೀ., 24 ದಿನ. ಹಾವೇರಿಯಿಂದ ಬೆಂಗಳೂರಿಗೂ ಅಷ್ಟು ದೂರವಿಲ್ಲ. “ಇನ್ನೂ ಎಷ್ಟು ದೂರ?” ಎಂದು ಹಿಂದಿನ ಸೀಟು ರಾಗ ಎಳೆದಾಗ ಹೇಳಲು ಇದಕ್ಕಿಂತ ಒಳ್ಳೆಯ ಸಂಗತಿ ನನಗೆ ಗೊತ್ತಿಲ್ಲ.

ಮಹಾದೇವಪ್ಪನವರ ಹೆಂಡತಿ ಸಿದ್ದಮ್ಮನವರೂ ಸಾಬರಮತಿಗೆ ಹೋಗಿದ್ದರು, ಸೆರೆಮನೆ ಕಂಡಿದ್ದರು. ಪಠ್ಯಪುಸ್ತಕಗಳಿಗೆ ಇವರ ನೆನಪು ಬರುವುದು ಅಪರೂಪ.

ಕಥೆ ದಂಡಿಗೆ ನಿಲ್ಲಲಿಲ್ಲ. ಕ್ವಿಟ್ ಇಂಡಿಯಾ ಚಳವಳಿಯ ಬಿಸಿಯಲ್ಲಿ, 1943ರ ಏಪ್ರಿಲ್ 1ರಂದು, ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಮಹಾದೇವಪ್ಪ ಮತ್ತು ಸಂಗಡಿಗರು ಬ್ರಿಟಿಷರ ಕಂದಾಯದ ಹಣ ವಶಪಡಿಸಿಕೊಳ್ಳಲು ನುಗ್ಗಿದರು. ಹಣ ಇಟ್ಟಿದ್ದು ವೀರಭದ್ರ ದೇವರ ಗುಡಿಯಲ್ಲಿ! ಕಾವಲಿದ್ದ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಹುತಾತ್ಮರಾದರು. ಮಹಾದೇವಪ್ಪನವರಿಗೆ ಆಗಿನ್ನೂ ಮೂವತ್ತೊಂದು. 2018ರಲ್ಲಿ ಅಂಚೆ ಚೀಟಿ ಬಂತು. ಹಾವೇರಿಯಲ್ಲಿ ಸ್ಮಾರಕವಿದೆ, ಒಳಗೆ ಹೋಗಿ ನೋಡಿ.

ಬ್ಯಾಡಗಿ ಮೆಣಸಿನಕಾಯಿ ಹೆಚ್ಚು ಖಾರವಿಲ್ಲ, ಬಣ್ಣವೇ ಅದರ ಬಂಡವಾಳ. ಸಾರಿಗೆ ಬಿದ್ದರೆ ಕೆಂಪು. ಕಾಯಿಯಿಂದ ತೆಗೆದ ಓಲಿಯೋರೆಸಿನ್ ಲಿಪ್‌ಸ್ಟಿಕ್‌, ನೇಲ್ ಪಾಲಿಶ್‌ಗೂ ಹೋಗುತ್ತದೆ. ಸಿಪ್ಪೆ ಮುಟ್ಟಿ ನೋಡಿದರೆ ಸುಕ್ಕು ಸುಕ್ಕು. ಗಿಡ್ಡ, ದುಂಡನೆಯದು ಡಬ್ಬಿ. ಸಪೂರ, ಉದ್ದನೆಯದು ಕಡ್ಡಿ. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಹೆಸರು ಬ್ಯಾಡಗಿಯದಾದರೂ ಮಾರುಕಟ್ಟೆಗೆ ಬರುವ ಚೀಲಗಳು ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯವೂ ಹೌದು. ಈ ಕೆಂಪಿಗೆ ಸಿಟ್ಟೂ ಇದೆ: 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಆಕ್ರೋಶ ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚುವ ಮಟ್ಟಕ್ಕೆ ಹೋಯಿತು. ಮಕ್ಕಳಿಗೆ ಅದನ್ನೂ ಹೇಳಿ. ಇತಿಹಾಸವೆಂದರೆ ರಾಜರದಷ್ಟೇ ಅಲ್ಲವಲ್ಲ.

ಕಾಗಿನೆಲೆ ಇರುವುದು ಬ್ಯಾಡಗಿ ತಾಲೂಕಿನಲ್ಲೇ. ಕನಕದಾಸರು ತಾವು ಹುಟ್ಟಿದ ಬಾಡದಿಂದ ಆದಿಕೇಶವನನ್ನು ಇಲ್ಲಿಗೆ ತಂದರೆಂಬ ನಂಬಿಕೆ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ಜಗಳವಾಗಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಗೆದ್ದದ್ದು ಯಾರೆಂದು ಊಟದ ಹೊತ್ತಿನಲ್ಲಿ ಕೇಳಿ. ರೊಟ್ಟಿ ತಿನ್ನುವ ಹಾವೇರಿಯವರು ತಟಸ್ಥರು!

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ 119 ಚದರ ಕಿ.ಮೀ. ವಿಸ್ತಾರ, 1974ರಿಂದ ಅಭಯಾರಣ್ಯ. ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇಲ್ಲಿತ್ತು. ಹುಲ್ಲುಗಾವಲಿನ ಜೀವಿಗಳ ಜಾಗದಲ್ಲಿ ನೀಲಗಿರಿ ನೆಟ್ಟರು. ಹಸಿರೆಲ್ಲ ಕಾಡೇ ಎಂದು ನಂಬಿದ್ದರ ಫಲ.

ಗುಪ್ತರ ವಂಶದವರು ತುಂಗಭದ್ರೆಯ ದಂಡೆಯಲ್ಲಿ? ಹಾವೇರಿ ತಾಲೂಕಿನ ಗುತ್ತಲದಿಂದ ಆಳಿದ ಗುತ್ತರಸರು ತಾವು ಉಜ್ಜಯಿನಿಯ ಚಂದ್ರಗುಪ್ತನ ಕುಲದವರೆಂದು ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅವರ ಕಾಲದ ಎತ್ತರದ ಶಾಸನಗಳನ್ನು ನೋಡಲು ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಗೆ ಹೋಗಬೇಕು. ಊರಿನ ಹೆಸರು ರಾಜನದಲ್ಲ, ದೋಣಿ ನಡೆಸುತ್ತಿದ್ದ ವಚನಕಾರ ಅಂಬಿಗರ ಚೌಡಯ್ಯನದು. ಹೊಳೆ ದಂಡೆಯಲ್ಲಿರುವ ಆತನ ಐಕ್ಯ ಮಂಟಪ, ತುಂಗಭದ್ರೆ ತುಂಬಿ ಬಂದಾಗ ನೀರಿನಲ್ಲಿ ನಿಲ್ಲುತ್ತದೆ.

ವರದಾ ನದಿ ತುಂಗಭದ್ರೆಗೆ ಸೇರುವುದು ಗಳಗನಾಥದಲ್ಲಿ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ ಕಾವ್ಯನಾಮ ಮಾಡಿಕೊಂಡದ್ದು ಈ ಊರಿನ ಹೆಸರನ್ನೇ. ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು ಅವರು. ಇಂದಿನ ಲೇಖಕರು ಫೇಸ್‌ಬುಕ್ಕಿನಲ್ಲಿ ಮಾಡುವುದನ್ನು ಕಾಲ್ನಡಿಗೆಯಲ್ಲಿ ಮಾಡಿದರು.

ಇನ್ನು ಯಾವಾಗ ಹೊರಡಬೇಕು? ಮಾರುಕಟ್ಟೆಯ ಮೆಣಸಿನಕಾಯಿ ಕಡಲು ನೋಡಬೇಕಿದ್ದರೆ ಜನವರಿಯಿಂದ ಮಾರ್ಚ್ ನಡುವೆ, ಸೋಮವಾರ ಅಥವಾ ಗುರುವಾರ ಬ್ಯಾಡಗಿಗೆ ಬನ್ನಿ. ಘಾಟಿಗೆ ಮೂಗು ಮುಚ್ಚಲು ಕರವಸ್ತ್ರವಿರಲಿ. ದಸರಾ ರಜೆಯಾದರೆ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡ. ಅಲ್ಲಿ ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದರೆ ಜಾತ್ರೆಗೆ ಜಾತ್ರೆಯೇ ಗಪ್‌ಚಿಪ್. ಆಮೇಲೆ ಒಂದೇ ಒಂದು ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ. ಅದರಲ್ಲಿ ರೈತರು ಮಳೆ-ಬೆಳೆ ಹುಡುಕುತ್ತಾರೆ, ರಾಜಕಾರಣಿಗಳು ಕುರ್ಚಿ. ಜನಜಂಗುಳಿ ವಿಪರೀತ, ಮಕ್ಕಳ ಕೈ ಬಿಡಬೇಡಿ.