ಫೋಟೊಗೆ ಬಾರ್ಡರ್: ಅಂದುಕೊಂಡಿದ್ದು ಒಂದು, ಕಾಣುವುದು ಇನ್ನೊಂದು

ತಪ್ಪು ಕಲ್ಪನೆ: ಬಾರ್ಡರ್ ಬರೀ ಅಲಂಕಾರ, ಅದರಿಂದ ಫೋಟೊ ಬದಲಾಗುವುದಿಲ್ಲ.

ಸತ್ಯ: ಫೋಟೊದ ಪಿಕ್ಸೆಲ್‌ಗಳು ಬದಲಾಗುವುದಿಲ್ಲ, ನಿಜ. ಆದರೆ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದರ ಜೊತೆ ಹೋಲಿಸಿಯೇ ನೋಡುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರಿತ್ತು. ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ, ರಸಾಯನ ವಿಜ್ಞಾನಿ ಷೆವ್ರಲ್ ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದ ನೀಲಿ, ನೇರಳೆ ನೂಲು ಕಪ್ಪನ್ನು ಮಂಕಾಗಿಸಿದ್ದವು. 1839ರಲ್ಲಿ ಅವರು ಇದರ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಬೇಕಿದ್ದರೆ ನೀವೇ ನೋಡಿ: ಕೆಂಪು, ಹಸಿರು, ನೀಲಿ ಮೂರಕ್ಕೂ 119 ಕೊಟ್ಟು ಎರಡು ಬೂದು ಚೌಕ ಮಾಡಿ. ಒಂದನ್ನು ಕಪ್ಪಿನ ಮೇಲೂ ಇನ್ನೊಂದನ್ನು ಬಿಳಿಯ ಮೇಲೂ ಇಟ್ಟರೆ, ಕಪ್ಪಿನ ಮೇಲಿನದು ಹೆಚ್ಚು ತಿಳಿಯಾಗಿ ಕಾಣುತ್ತದೆ.

ತಪ್ಪು ಕಲ್ಪನೆ: ಕಪ್ಪು ಬಾರ್ಡರ್ ಹಾಕಿದರೆ ಕಾಂಟ್ರಾಸ್ಟ್ ಹೆಚ್ಚುತ್ತದೆ.

ಸತ್ಯ: ಸಾಮಾನ್ಯವಾಗಿ ಆಗುವುದು ತದ್ವಿರುದ್ಧ. ಅಚ್ಚ ಕಪ್ಪಿನ ಪಕ್ಕದಲ್ಲಿ ಫೋಟೊದ ನೆರಳುಗಳು ಬೂದಾಗಿ ಕಾಣುತ್ತವೆ. ಇಡೀ ಚಿತ್ರ ತಿಳಿಯಾಗಿ, ಕಾಂಟ್ರಾಸ್ಟ್ ಇಳಿದಂತೆ ತೋರುತ್ತದೆ. ಕತ್ತಲ ಚಿತ್ರಮಂದಿರಕ್ಕೆ ಹೋಗುವ ಫಿಲ್ಮ್ ಪ್ರಿಂಟುಗಳಲ್ಲಿ ಕಾಂಟ್ರಾಸ್ಟ್ ಹೆಚ್ಚಿಗೆ ಇಡುತ್ತಿದ್ದುದು ಇದೇ ಕಾರಣಕ್ಕೆ. ಬಿಳಿ ಬಾರ್ಡರಿನೊಳಗೆ ಅದೇ ಫೋಟೊ ಗಾಢವಾಗುತ್ತದೆ, ಆದರೆ ಅದರೊಳಗಿನ ಬಿಳಿ ಮಾಸಿದಂತೆ ಕಾಣುತ್ತದೆ. ಮಳೆಗಾಲದ ಜೋಗದ ಚಿತ್ರಕ್ಕೆ ಬಿಳಿ ಬಾರ್ಡರ್ ಹಾಕಿ ನೋಡಿ: ನೊರೆ ಬೂದಾಗುತ್ತದೆ, ಮೋಡ ಕವಿದ ಆಕಾಶ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಆಕಾಶ ಕಳೆದುಹೋಗದಿರಲು ಫೋಟೊದ ಅಂಚಿಗೆ ಕೂದಲೆಳೆಯಷ್ಟು ಬೂದು ಗೆರೆ ಎಳೆದರೆ ಸಾಕು.

ತಪ್ಪು ಕಲ್ಪನೆ: ಕಪ್ಪು ಅಂಚಿದ್ದರೆ ಫೋಟೊ ಕ್ರಾಪ್ ಆಗಿಲ್ಲ ಎಂದರ್ಥ.

ಸತ್ಯ: ಫಿಲ್ಮ್ ಕಾಲದಲ್ಲಿ ಆ ಮಾತಿಗೆ ಆಧಾರವಿತ್ತು. ನೆಗೆಟಿವ್‌ನಲ್ಲಿ ಫ್ರೇಮಿನ ಸುತ್ತ ಬೆಳಕು ಬೀಳದ ಪಾರದರ್ಶಕ ಅಂಚಿರುತ್ತದೆ. ಅದನ್ನೂ ಸೇರಿಸಿ ಪ್ರಿಂಟ್ ಹಾಕಿದರೆ ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕ್ರಾಪ್ ಮಾಡುವುದನ್ನು ಒಪ್ಪದ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೊನ್ ಅವರ ಪ್ರಿಂಟುಗಳಲ್ಲಿ ಇಂಥ ಗೆರೆ ಪ್ರಸಿದ್ಧ. ಇಂದು ಮೊಬೈಲ್ ಆ್ಯಪ್ ಎಷ್ಟು ಕತ್ತರಿಸಿದ ಫೋಟೊಗಾದರೂ ಆ ಗೆರೆ ಎಳೆಯುತ್ತದೆ. ಅದು ಯಾವುದಕ್ಕೂ ಪುರಾವೆಯಲ್ಲ.

ತಪ್ಪು ಕಲ್ಪನೆ: ಬಾರ್ಡರ್ ಹಾಕಿದರೆ ನಷ್ಟವೇನಿಲ್ಲ.

ಸತ್ಯ: ಜಾಗ ಹೋಗುತ್ತದೆ. 1080 ಪಿಕ್ಸೆಲ್ ಅಗಲ, 720 ಎತ್ತರದ ಅಡ್ಡ ಫೋಟೊ ತೆಗೆದುಕೊಳ್ಳಿ. ಅದೇ ಅಗಲದೊಳಗೆ ಎರಡೂ ಬದಿ 60 ಪಿಕ್ಸೆಲ್ ಬಾರ್ಡರ್ ಬಿಟ್ಟರೆ ಚಿತ್ರ 960, 640ಕ್ಕೆ ಇಳಿಯುತ್ತದೆ. ವಿಸ್ತೀರ್ಣದಲ್ಲಿ ಐದನೇ ಒಂದು ಭಾಗದಷ್ಟು ಖೋತಾ. ಒಂದೇ ಮುಖದ ಭಾವಚಿತ್ರ ಇದನ್ನು ತಡೆದುಕೊಳ್ಳುತ್ತದೆ. ಜಾತ್ರೆಯ ಜನಸಂದಣಿಯಲ್ಲಾದರೆ ಮುಖಗಳೇ ಗುರುತು ಸಿಗುವುದಿಲ್ಲ.

ತಪ್ಪು ಕಲ್ಪನೆ: ಎಡಿಟಿಂಗ್ ಎಲ್ಲ ಮುಗಿದ ಮೇಲೆ ಬಾರ್ಡರ್ ಹಾಕಿದರಾಯಿತು.

ಸತ್ಯ: ಎಡಿಟಿಂಗ್ ಪರದೆಯ ಕಪ್ಪು ಹಿನ್ನೆಲೆಯಲ್ಲಿ ಫೋಟೊ ತಿಳಿಯಾಗಿ ಕಾಣುವುದರಿಂದ ಎಡಿಟ್ ಮಾಡುವವರು ಬ್ರೈಟ್‌ನೆಸ್ ಇಳಿಸುತ್ತಾರೆ. ಆಮೇಲೆ ಬಿಳಿ ಬಾರ್ಡರ್ ಹಾಕಿದರೆ ಚಿತ್ರ ಇನ್ನಷ್ಟು ಕಪ್ಪಿಡುತ್ತದೆ. ಫೋಟೊಶಾಪ್, ಲೈಟ್‌ರೂಮ್‌ಗಳಲ್ಲಿ ಚಿತ್ರದ ಸುತ್ತಲಿನ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ಹಿನ್ನೆಲೆ ಬದಲಿಸಬಹುದು. ಬಾರ್ಡರ್ ಬಣ್ಣ ಮೊದಲೇ ಗೊತ್ತಿದ್ದರೆ ಅದನ್ನೇ ಇಟ್ಟುಕೊಂಡು ಎಡಿಟ್ ಮಾಡಿ. ಗೊತ್ತಿಲ್ಲದಿದ್ದರೆ ನಡುಬೂದು ಇರಲಿ. ನೋಡುವವರ ಮೊಬೈಲ್ ಡಾರ್ಕ್ ಮೋಡ್‌ನಲ್ಲಿದೆಯೋ ಇಲ್ಲವೋ ನಿಮ್ಮ ಕೈಯಲ್ಲಿಲ್ಲ. ಫೋಟೊದ ಸುತ್ತ ನಿಮ್ಮ ಮಾತು ನಡೆಯುವುದು ಬಾರ್ಡರ್ ಇರುವಷ್ಟು ಅಗಲದಲ್ಲಿ ಮಾತ್ರ, ಆದ್ದರಿಂದ ಅದನ್ನು ಮೊದಲೇ ತೀರ್ಮಾನಿಸಿ.